ಮುಖ್ಯಸ್ಥರ ಮೇಲಿನ ದೂರು ಯಾರ ಮೇಜಿಗೆ ಹೋಗುತ್ತದೆ?

ಈ ವಾರದ ಪ್ರಶ್ನೋತ್ತರ: ಅಂತರರಾಷ್ಟ್ರೀಯ ಸಂಸ್ಥೆಗಳ ಮುಖ್ಯಸ್ಥರು ಮತ್ತು ಅವರ ಹೊಣೆಗಾರಿಕೆ. ಉತ್ತರ ಕೊಡುತ್ತಿರುವವರು ಇಂಥ ಸಂಸ್ಥೆಗಳ ಆಂತರಿಕ ತನಿಖಾ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತರಾಗಿ, ಈಗ ಮೈಸೂರಿನಲ್ಲಿರುವ ನಮ್ಮ ಗುಂಪಿನ ಹಿರಿಯ ಸದಸ್ಯೆ.

ಪ್ರಶ್ನೆ (ಧಾರವಾಡ, ಕೆಎಎಸ್ ಪರೀಕ್ಷೆಗೆ ಓದುತ್ತಿರುವವರು): ಮೇಡಂ, ನಮಸ್ಕಾರ. ಎಥಿಕ್ಸ್ ಪತ್ರಿಕೆಗೆ ವಿಶ್ವಬ್ಯಾಂಕ್, ವಿಶ್ವಸಂಸ್ಥೆ ಹಗರಣಗಳ ನೋಟ್ಸ್ ಮಾಡುತ್ತಿದ್ದೇನೆ. ಎಲ್ಲಿ ನೋಡಿದರೂ ಒಂದೇ ಕಥೆ. ಆರೋಪ ಬಂತು, ರಾಜೀನಾಮೆ ಕೊಟ್ಟರು, ಮುಗೀತು. ನಮ್ಮಲ್ಲಿ ಗ್ರಾಮಲೆಕ್ಕಿಗರು ಲಂಚ ತಗೊಂಡರೆ ಲೋಕಾಯುಕ್ತದವರು ಬಂದು ಹಿಡಿಯುತ್ತಾರೆ. ಇವರನ್ನು ಹಿಡಿಯುವವರು ಯಾರು? ಇಮ್ಯುನಿಟಿ, ಅಂದರೆ ಕೋರ್ಟು ಕೇಸಿನಿಂದ ವಿನಾಯಿತಿ, ಇದೆ ಅಂತಾರಲ್ಲ, ಅದು ಪೂರ್ತಿ ರಕ್ಷಣೆಯಾ?

ಉತ್ತರ: ಪೂರ್ತಿ ರಕ್ಷಣೆ ಅಲ್ಲ. ವಿಶ್ವಸಂಸ್ಥೆಯ 1946ರ ಒಪ್ಪಂದದ 20ನೇ ಕಲಂ ಓದಿ. ಅಧಿಕಾರಿಗಳಿಗೆ ಇಮ್ಯುನಿಟಿ ಕೊಟ್ಟಿರುವುದು ಸಂಸ್ಥೆಯ ಹಿತಕ್ಕಾಗಿ, ಅವರ ಸ್ವಂತ ಲಾಭಕ್ಕಲ್ಲ ಎಂದು ಅಲ್ಲಿ ನೇರವಾಗಿ ಬರೆದಿದೆ. ಅದರಿಂದ ನ್ಯಾಯಕ್ಕೆ ಅಡ್ಡಿಯಾಗುತ್ತಿದ್ದರೆ, ತೆಗೆದುಹಾಕಿದರೆ ಸಂಸ್ಥೆಗೆ ಧಕ್ಕೆ ಇಲ್ಲ ಎಂದಾದರೆ, ಮಹಾ ಕಾರ್ಯದರ್ಶಿ ಅದನ್ನು ತೆಗೆಯಬೇಕು. ಅದು ಅವರ ಹಕ್ಕೂ ಹೌದು, ಕರ್ತವ್ಯವೂ ಹೌದು. ಮಹಾ ಕಾರ್ಯದರ್ಶಿಯದ್ದನ್ನೇ ತೆಗೆಯಬೇಕಾಗಿ ಬಂದರೆ ಆ ಅಧಿಕಾರ ಭದ್ರತಾ ಮಂಡಳಿಗಿದೆ. ಭಾರತದಲ್ಲಿ ಇದಕ್ಕಾಗಿ 1947ರ ಕಾಯ್ದೆಯೇ ಇದೆ.

2011ರಲ್ಲಿ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಮುಖ್ಯಸ್ಥ ಡೊಮಿನಿಕ್ ಸ್ಟ್ರಾಸ್ ಕಾನ್ ಅವರನ್ನು ನ್ಯೂಯಾರ್ಕ್ ಪೊಲೀಸರು ವಿಮಾನದಿಂದಲೇ ಇಳಿಸಿ ಬಂಧಿಸಿದರು. ಹೋಟೆಲ್ ಉದ್ಯೋಗಿಯೊಬ್ಬರು ಲೈಂಗಿಕ ದೌರ್ಜನ್ಯದ ದೂರು ಕೊಟ್ಟಿದ್ದರು. ಕ್ರಿಮಿನಲ್ ಪ್ರಕರಣವನ್ನು ಸರ್ಕಾರಿ ವಕೀಲರೇ ಆಮೇಲೆ ಕೈಬಿಟ್ಟರು. ಆದರೆ ಸಿವಿಲ್ ದಾವೆಯಲ್ಲಿ ಅವರು ಇಮ್ಯುನಿಟಿ ಕೇಳಿದಾಗ ನ್ಯಾಯಾಧೀಶರು ಕೊಡಲಿಲ್ಲ. ಕೊನೆಗೆ ರಾಜಿಯಾಯಿತು.

ನನ್ನ ಅನುಭವದಲ್ಲಿ ಇಮ್ಯುನಿಟಿಗಿಂತ ಜಾಸ್ತಿ ಅಡ್ಡ ಬರುವುದು ಬೇರೆಯೇ. ಮುಖ್ಯಸ್ಥರ ಮೇಲೆ ದೂರು ಬಂದಾಗ ಆ ಕಾಗದ ಯಾರ ಮೇಜಿಗೆ ಹೋಗುತ್ತದೆ, ತನಿಖೆ ಮುಗಿದ ಮೇಲೆ ವರದಿ ಯಾರ ಕೈ ಸೇರುತ್ತದೆ ಎಂಬುದು. ಊರಿನ ಸೊಸೈಟಿ ಕಾರ್ಯದರ್ಶಿಯೇ ತನ್ನ ಆಡಿಟರ್‌ನನ್ನು ನೇಮಿಸಿಕೊಂಡರೆ ಏನಾಗುತ್ತದೋ ಇಲ್ಲೂ ಅದೇ ಆಗುತ್ತದೆ.

ವಿಶ್ವಬ್ಯಾಂಕಿನದನ್ನೇ ನೋಡಿ. ಪಾಲ್ ವುಲ್ಫೊವಿಟ್ಸ್ 2005ರಲ್ಲಿ ಅಧ್ಯಕ್ಷರಾದರು. ಭ್ರಷ್ಟಾಚಾರ ತಡೆಯುವುದೇ ಅವರು ಎಲ್ಲೆಡೆ ಹೇಳುತ್ತಿದ್ದ ಮಾತು. ಅವರ ಸಂಗಾತಿ ಅದೇ ಬ್ಯಾಂಕಿನ ಉದ್ಯೋಗಿ. ಅವರ ಕೈಕೆಳಗೆ ಆಕೆ ಇರುವಂತಿಲ್ಲ ಎಂದು ಎಥಿಕ್ಸ್ ಸಮಿತಿ ಹೇಳಿತು. ಅಮೆರಿಕದ ವಿದೇಶಾಂಗ ಇಲಾಖೆಗೆ ನಿಯೋಜನೆಯ ಮೇಲೆ ಕಳಿಸಿದರು. ಅಲ್ಲಿಯವರೆಗೆ ತಪ್ಪೇನಿಲ್ಲ. ಆದರೆ ಬಡ್ತಿ ಹೇಗೆ, ಸಂಬಳ ಎಷ್ಟು, ವರ್ಷಕ್ಕೆ ಎಷ್ಟು ಏರಿಕೆ ಎಂಬುದನ್ನೆಲ್ಲ ಅಧ್ಯಕ್ಷರೇ ಮಾನವ ಸಂಪನ್ಮೂಲ ವಿಭಾಗಕ್ಕೆ ಹೇಳಿ ಮಾಡಿಸಿದರು. ವರ್ಷದ ಸಂಬಳ ಕೊನೆಗೆ 1,93,590 ಡಾಲರ್ ಮುಟ್ಟಿತು, ತೆರಿಗೆ ಇಲ್ಲದೆ. ಅಮೆರಿಕದ ವಿದೇಶಾಂಗ ಸಚಿವೆಯ ಸಂಬಳಕ್ಕಿಂತ ಅದು ಜಾಸ್ತಿ. 2007ರಲ್ಲಿ ವಿಷಯ ಹೊರಬಿತ್ತು. ನಿಯಮ ಮುರಿದಿದ್ದಾರೆ ಎಂದು ನಿರ್ದೇಶಕ ಮಂಡಳಿಯ ತಂಡವೇ ಹೇಳಿತು. ಆದರೆ ಮೇ ತಿಂಗಳಲ್ಲಿ ರಾಜೀನಾಮೆ ಪ್ರಕಟವಾದಾಗ ಅದೇ ಮಂಡಳಿ ಏನು ಹೇಳಿತು ಗೊತ್ತಾ? ಸದುದ್ದೇಶದಿಂದ ನಡೆದುಕೊಂಡಿದ್ದೇನೆ ಎಂದು ಅವರು ಹೇಳಿದ್ದಾರೆ, ನಾವು ಅದನ್ನು ಒಪ್ಪುತ್ತೇವೆ ಎಂದು. ತಪ್ಪು ನಡೆದಿದೆ ಎಂದ ವರದಿಯೂ ಇದೆ, ಒಳ್ಳೆಯ ಮನಸ್ಸಿನಿಂದಲೇ ಮಾಡಿದರು ಎಂಬ ಪತ್ರವೂ ಇದೆ. ಇಂಥ ವಿದಾಯಪತ್ರಗಳನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಇನ್ನೊಂದು ಮಾತು. ವಿಶ್ವಬ್ಯಾಂಕಿನ ಅಧ್ಯಕ್ಷರು ಅಮೆರಿಕದವರು, ಐಎಂಎಫ್ ಮುಖ್ಯಸ್ಥರು ಯುರೋಪಿನವರು ಎನ್ನುವುದು ಮೊದಲಿನಿಂದ ನಡೆದು ಬಂದ ರೂಢಿ. ಯಾವ ರಾಜಧಾನಿ ಕುರ್ಚಿ ಮೇಲೆ ಕೂರಿಸಿತೋ ಆ ರಾಜಧಾನಿ ಬೆನ್ನಿಗಿರುವವರೆಗೆ ಇಳಿಸುವುದು ಕಷ್ಟ. 2016ರಲ್ಲಿ ಕ್ರಿಸ್ಟೀನ್ ಲಗಾರ್ಡ್ ಐಎಂಎಫ್ ಮುಖ್ಯಸ್ಥೆ. ಹಿಂದೆ ಫ್ರಾನ್ಸಿನ ಸಚಿವೆಯಾಗಿದ್ದಾಗ ಮಾಡಿದ ನಿರ್ಲಕ್ಷ್ಯಕ್ಕೆ ಅಲ್ಲಿನ ನ್ಯಾಯಾಲಯ ಅವರನ್ನು ತಪ್ಪಿತಸ್ಥೆ ಎಂದಿತು, ಶಿಕ್ಷೆ ಕೊಡಲಿಲ್ಲ. ಐಎಂಎಫ್ ಮಂಡಳಿ ಅದೇ ದಿನ ಸಭೆ ಸೇರಿ, ಅವರ ಮೇಲೆ ಪೂರ್ತಿ ವಿಶ್ವಾಸವಿದೆ ಎಂದಿತು.

ಪ್ರಶ್ನೆ (ಬೆಂಗಳೂರು, ಚಾರ್ಟರ್ಡ್ ಅಕೌಂಟೆಂಟ್): ಮೇಡಂ, ಆಡಿಟ್ ಅಂತ ಒಂದು ಇರುತ್ತದಲ್ಲ? ಇಷ್ಟು ದೊಡ್ಡ ಸಂಸ್ಥೆಯಲ್ಲಿ ಕೋಟಿಗಟ್ಟಲೆ ಹೋದರೂ ಆಡಿಟರ್ ಕಣ್ಣಿಗೆ ಬೀಳುವುದಿಲ್ಲ ಅಂದರೆ ನಂಬಲಿಕ್ಕೆ ಆಗುವುದಿಲ್ಲ.

ಉತ್ತರ: ಕಣ್ಣಿಗೆ ಬೀಳುತ್ತದೆ ಸರ್. ಬಿದ್ದ ಮೇಲೆ ಏನಾಗುತ್ತದೆ ಎಂಬುದೇ ಪ್ರಶ್ನೆ. ಯುಎನ್‌ಒಪಿಎಸ್ ಪ್ರಕರಣವನ್ನು ನಿಮ್ಮಂಥವರು ಪೂರ್ತಿ ಓದಬೇಕು.

ಅದು ವಿಶ್ವಸಂಸ್ಥೆಯ ಯೋಜನಾ ಸೇವೆಗಳ ಕಚೇರಿ, ಕೋಪನ್‌ಹೇಗನ್‌ನಲ್ಲಿದೆ. ಬೇರೆಯವರ ಪರವಾಗಿ ರಸ್ತೆ, ಆಸ್ಪತ್ರೆ ಕಟ್ಟಿಸಿಕೊಡುವುದು, ಸಾಮಾನು ಖರೀದಿಸಿಕೊಡುವುದು ಅದರ ಕೆಲಸ. ಸದಸ್ಯ ದೇಶಗಳ ಚಂದಾ ಹಣ ಅದಕ್ಕಿಲ್ಲ, ಸೇವಾ ಶುಲ್ಕದಲ್ಲೇ ನಡೆಯಬೇಕು. ವರ್ಷ ಕಳೆದಂತೆ ಶುಲ್ಕ ಉಳಿದು ಉಳಿದು ದೊಡ್ಡ ಮೊತ್ತವಾಯಿತು. ಯಾವ ದೇಶವೂ ಇದು ನನ್ನ ದುಡ್ಡು ಎಂದು ಕೇಳದ ದುಡ್ಡು ಅದು. ನನ್ನ ಪ್ರಕಾರ ಎಡವಟ್ಟು ಶುರುವಾದದ್ದೇ ಅಲ್ಲಿ.

ಆಗ ಮುಖ್ಯಸ್ಥೆ ನಾರ್ವೆಯ ಮಾಜಿ ಸಚಿವೆ ಗ್ರೇಟೆ ಫರೆಮೊ. ಉಪ ಮುಖ್ಯಸ್ಥ ವಿಟಾಲಿ ವನ್‌ಶೆಲ್‌ಬೊಯಿಮ್. ಉಳಿದ ಹಣವನ್ನು ಬಡವರ ಮನೆ, ಪವನ ವಿದ್ಯುತ್ ಅಂತ ಹೂಡಿಕೆ ಮಾಡುವ ಹೊಸ ಯೋಜನೆ ಶುರು ಮಾಡಿದರು. ಹತ್ತಿರ ಹತ್ತಿರ 6 ಕೋಟಿ ಡಾಲರ್ ಸಾಲ ಹೋದದ್ದು ಒಬ್ಬನೇ ಬ್ರಿಟಿಷ್ ಉದ್ಯಮಿಗೆ ನಂಟಿರುವ ಕಂಪನಿಗಳಿಗೆ. ಅದೇ ಉದ್ಯಮಿಯ ಮಗಳ ಸಂಸ್ಥೆಗೆ 30 ಲಕ್ಷ ಡಾಲರ್ ಅನುದಾನ ಬೇರೆ. ಸಾಗರ ಉಳಿಸಿ ಎಂಬ ಪ್ರಚಾರಕ್ಕಂತೆ, ಒಂದು ಹಾಡು ಸಹಿತ. ಘಾನಾ, ಕೀನ್ಯಾ, ಭಾರತ, ಪಾಕಿಸ್ತಾನ ಮುಂತಾದ ಕಡೆ ಲಕ್ಷಗಟ್ಟಲೆ ಮನೆ ಕಟ್ಟುತ್ತೇವೆ ಎಂದು ಒಪ್ಪಂದಗಳಾದವು. ವಿಷಯ ಹೊರಬೀಳುವವರೆಗೆ ಒಂದು ಮನೆಯೂ ಎದ್ದಿರಲಿಲ್ಲ.

ಇಡೀ ಗಂಟು ಒಬ್ಬನ ಕೈಯಲ್ಲಿಟ್ಟಿದ್ದೀರಿ, ಇದು ಅಪಾಯ ಎಂದು ವಿಶ್ವಸಂಸ್ಥೆಯ ಬಾಹ್ಯ ಲೆಕ್ಕಪರಿಶೋಧಕರ ಮಂಡಳಿ ಮೊದಲೇ ಎಚ್ಚರಿಸಿತ್ತು. ಮೂರು ದೇಶಗಳ ಮಹಾ ಲೆಕ್ಕಪರಿಶೋಧಕರು ಸೇರಿ ನಡೆಸುವ ಮಂಡಳಿ ಅದು. 2014ರಿಂದ 2020ರವರೆಗೆ ನಮ್ಮ ಸಿಎಜಿ ಕೂಡ ಅದರಲ್ಲಿದ್ದರು. ಎಚ್ಚರಿಕೆ ಮುದ್ರಣವಾಯಿತು, ಸದಸ್ಯ ದೇಶಗಳ ಪ್ರತಿನಿಧಿಗಳಿಗೂ ಮುಟ್ಟಿತು. ಆದರೂ ಮುಖ್ಯಸ್ಥೆ ಜಾಗ ಬಿಟ್ಟದ್ದು 2022ರ ಮೇನಲ್ಲಿ, ನ್ಯೂಯಾರ್ಕ್ ಟೈಮ್ಸ್ ಬರೆದ ಮೇಲೆ. ಅದಕ್ಕೂ ಮೊದಲೇ ವಿಶ್ವಸಂಸ್ಥೆಯ ಮಾಜಿ ಅಧಿಕಾರಿ ಮುಖೇಶ್ ಕಪಿಲ ತಮ್ಮ ಬ್ಲಾಗಿನಲ್ಲಿ ಇದನ್ನು ಎತ್ತಿ ಎತ್ತಿ ಹೇಳುತ್ತಿದ್ದರು.

ಮುಂದಾದದ್ದು ಅಪರೂಪ. ಉಪ ಮುಖ್ಯಸ್ಥರನ್ನು 2023ರಲ್ಲಿ ವಜಾ ಮಾಡಿದರು, ಹಣ ತುಂಬಿಕೊಡಬೇಕೆಂದೂ ಆದೇಶಿಸಿದರು. ಸಂಸ್ಥೆ ಕೂಡಿಟ್ಟಿದ್ದ ಹೆಚ್ಚುವರಿ ಹಣವನ್ನು ಕೆಲಸ ಮಾಡಿಸಿದವರಿಗೇ ಹಿಂದಿರುಗಿಸಬೇಕೆಂದು ಆಡಳಿತ ಮಂಡಳಿ ತೀರ್ಮಾನಿಸಿತು. ಈ ಎರಡನೇ ತೀರ್ಮಾನ ನನಗೆ ಹೆಚ್ಚು ಮುಖ್ಯ ಅನಿಸುತ್ತದೆ. ಕೇಳುವವರಿಲ್ಲದ ದುಡ್ಡು ಕೂಡಿಡಲು ಬಿಡದಿದ್ದರೆ ಮುಂದಿನವರಿಗೆ ಆಸೆಯೂ ಹುಟ್ಟುವುದಿಲ್ಲ.

ಪ್ರಶ್ನೆ (ಬೆಂಗಳೂರು, ಐಟಿ ಉದ್ಯೋಗಿ): ವಿಪ್ರೊ ಹೆಸರು ಕೂಡ ಒಮ್ಮೆ ವಿಶ್ವಬ್ಯಾಂಕಿನ ನಿಷೇಧ ಪಟ್ಟಿಯಲ್ಲಿತ್ತು ಅಂತ ನೆನಪು. ಕಂಪನಿಗಳಿಗಾದರೆ ಬೇಗ ಶಿಕ್ಷೆ, ಬ್ಯಾಂಕಿನವರಿಗೆ ಏನೂ ಇಲ್ಲ, ಅಲ್ವಾ?

ಉತ್ತರ: ನೆನಪು ಸರಿ ಇದೆ. ಬ್ಯಾಂಕ್ ಸಿಬ್ಬಂದಿಗೆ ಅನುಚಿತ ಲಾಭ ಕೊಟ್ಟಿದ್ದಾರೆ ಎಂದು 2007ರಿಂದ 2011ರವರೆಗೆ ಗುತ್ತಿಗೆಗೆ ಅನರ್ಹ ಮಾಡಿದ್ದರು. 2000ದಲ್ಲಿ ಅಮೆರಿಕದ ಪೇಟೆಗೆ ಷೇರು ಬಿಟ್ಟಾಗ ಬ್ಯಾಂಕಿನ ಕೆಲವರಿಗೂ ಷೇರು ಕೊಳ್ಳುವ ಅವಕಾಶ ಕೊಟ್ಟಿದ್ದರು. ಎಲ್ಲರಿಗೂ ಇದ್ದ ಬೆಲೆಗೇ ಕೊಟ್ಟಿದ್ದು ಎಂದು ಕಂಪನಿ ಹೇಳಿತು. ಇದು ಜನರಿಗೆ ಗೊತ್ತಾದದ್ದು 2009ರ ಜನವರಿಯಲ್ಲಿ, ಸತ್ಯಂ ಕಂಪನಿಯ ಲೆಕ್ಕಪತ್ರ ವಂಚನೆಯ ಗದ್ದಲದ ನಡುವೆ. ನಿಷೇಧ ಶುರುವಾಗಿ ಅಷ್ಟು ಹೊತ್ತಿಗೆ ಒಂದೂವರೆ ವರ್ಷವಾಗಿತ್ತು. ಈಗ ಆ ಪಟ್ಟಿ ಬ್ಯಾಂಕಿನ ವೆಬ್‌ಸೈಟಿನಲ್ಲಿ ಎಲ್ಲರಿಗೂ ಸಿಗುತ್ತದೆ. ತಪ್ಪು ಮಾಡಿ ಹೊರಹೋದ ಸಿಬ್ಬಂದಿಯ ವಿಷಯದಲ್ಲಿ ಅಷ್ಟು ಬಿಚ್ಚುಮನಸ್ಸು ಇಲ್ಲ. ಏನೂ ಆಗುವುದಿಲ್ಲ ಅನ್ನುವುದು ತಪ್ಪು, ಕೆಲಸ ಹೋಗುತ್ತದೆ. ಹೆಸರು ಮಾತ್ರ ಹೊರಗೆ ಬರುವುದು ಕಡಿಮೆ. ಅದರಿಂದಾಗಿ ಒಂದು ಕಡೆ ತಪ್ಪು ಮಾಡಿದವರು ಇನ್ನೊಂದು ಸಂಸ್ಥೆ ಸೇರುವ ದಾರಿ ತೆರೆದೇ ಇರುತ್ತದೆ.

ಪ್ರಶ್ನೆ (ಶಿವಮೊಗ್ಗದವರು, ಈಗ ಆಫ್ರಿಕಾದ ಒಂದು ದೇಶದಲ್ಲಿ): ಅಕ್ಕಾ, ಹೆಸರು ಹೇಳುವುದಿಲ್ಲ. ಒಂದು ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ ಒಪ್ಪಂದದ ಮೇಲೆ ಇದ್ದೇನೆ. ನಡೆಯದೇ ಇರುವ ತರಬೇತಿ ಶಿಬಿರದ ಹಾಜರಿ ಪಟ್ಟಿಗೆ ಸಹಿ ಹಾಕು ಅಂತ ಮೇಲಿನವರು ಒತ್ತಾಯ ಮಾಡುತ್ತಿದ್ದಾರೆ. ಒಪ್ಪಂದ ಇನ್ನೆರಡು ತಿಂಗಳಿಗೆ ಮುಗಿಯುತ್ತದೆ. ಏನು ಮಾಡಲಿ?

ಉತ್ತರ: ತಮ್ಮಾ, ಸಹಿ ಹಾಕಬೇಡಿ. ಹಾಕಿದ ಕ್ಷಣದಿಂದ ನೀವು ಸಾಕ್ಷಿ ಅಲ್ಲ, ಪಾಲುದಾರ.

ಬಾಯಿಮಾತಿನಲ್ಲಿ ಆಗಲ್ಲ ಅಂದು ಸುಮ್ನೆ ಇರಬೇಡಿ. ಒಂದು ಚಿಕ್ಕ ಇಮೇಲ್ ಬರೆಯಿರಿ. “ಶಿಬಿರ ನಡೆದ ದಿನಾಂಕ, ಸ್ಥಳ, ಬಂದವರ ಪಟ್ಟಿ ಕಳಿಸಿದರೆ ನೋಡಿ ಸಹಿ ಮಾಡುತ್ತೇನೆ.” ಇಷ್ಟೇ ಸಾಕು. ಯಾರ ಮೇಲೂ ಆರೋಪ ಇಲ್ಲ, ಜಗಳ ಇಲ್ಲ. ಆದರೆ ನೀವು ಯಾವತ್ತು ಏನು ಕೇಳಿದಿರಿ ಎಂಬುದಕ್ಕೆ ದಾಖಲೆ ಉಳಿಯುತ್ತದೆ. ಯಾರು, ಯಾವಾಗ, ಯಾರ ಎದುರಿಗೆ ಒತ್ತಾಯ ಮಾಡಿದರು ಎಂದು ಅಂದಂದೇ ಬರೆದಿಟ್ಟುಕೊಳ್ಳಿ. ಕಚೇರಿಯ ಗುಟ್ಟಿನ ಫೈಲುಗಳನ್ನು ಸ್ವಂತ ಇಮೇಲ್‌ಗೆ ಕಳಿಸಿಕೊಳ್ಳಬೇಡಿ, ಆಮೇಲೆ ನಿಮ್ಮ ಮೇಲೆಯೇ ಕೇಸ್ ಕಟ್ಟಲು ಅದು ನೆಪವಾಗುತ್ತದೆ. ಆಮೇಲೆ ದೂರು. ಅದು ದೇಶದ ಕಚೇರಿಗೆ ಬೇಡ, ಕೇಂದ್ರ ಕಚೇರಿಯ ತನಿಖಾ ವಿಭಾಗಕ್ಕೆ ನೇರವಾಗಿ ಹೋಗಲಿ. ಸೇಡಿನ ವಿರುದ್ಧ ರಕ್ಷಣೆ ಕೊಡುವುದು ಎಥಿಕ್ಸ್ ಕಚೇರಿ. ಸರಿಯಾದ ಜಾಗಕ್ಕೆ ದೂರು ಕೊಟ್ಟವರಿಗೇ ಆ ರಕ್ಷಣೆ ಸಲೀಸಾಗಿ ಸಿಗುತ್ತದೆ. ಆದ್ದರಿಂದ ಮೊದಲು ಪತ್ರಿಕೆಗೆ ಹೋಗಬೇಡಿ.

ಸೇಡು ಹೇಗೆ ಬರುತ್ತದೆ ಗೊತ್ತಿರಲಿ. ಬೈಯುವುದಿಲ್ಲ, ವಜಾ ಮಾಡುವುದಿಲ್ಲ. ಒಪ್ಪಂದ ಮುಂದುವರಿಸುವುದಿಲ್ಲ, ಅಷ್ಟೇ. ವಿಶ್ವಸಂಸ್ಥೆಯ ಸಿಬ್ಬಂದಿಯಾಗಿದ್ದರೆ ಅಂಥ ತೀರ್ಮಾನವನ್ನು ಮರುಪರಿಶೀಲಿಸಿ ಎಂದು ಕೇಳಲು 60 ದಿನ ಗಡುವು. ಆಮೇಲೆ ಅದರ ಆಂತರಿಕ ನ್ಯಾಯಮಂಡಳಿಗೆ ಹೋಗಬಹುದು. ಕನ್ಸಲ್ಟೆಂಟ್ ಆಗಿದ್ದರೆ ಆ ಬಾಗಿಲು ಇಲ್ಲ, ಮಧ್ಯಸ್ಥಿಕೆಯ ದಾರಿ ಮಾತ್ರ. ನಿಮ್ಮದು ಯಾವ ಥರದ ಒಪ್ಪಂದ ಎಂದು ಇವತ್ತೇ ತೆಗೆದು ನೋಡಿ. ಬೇರೆ ಕೆಲಸಕ್ಕೂ ಅರ್ಜಿ ಹಾಕುತ್ತಿರಿ. ಇದು ಹೇಡಿತನ ಅಲ್ಲ, ಮನೆ ನಡೆಯಬೇಕಲ್ಲ.

ಪ್ರಶ್ನೆ (ಅದೇ ಧಾರವಾಡದವರು): ಹೀಗೆ ಬಾಯಿಬಿಟ್ಟವರು ಗೆದ್ದದ್ದು ಇದೆಯಾ ಮೇಡಂ?

ಉತ್ತರ: ಗೆದ್ದರು ಅನ್ನಬೇಕೋ ಬೇಡವೋ ನೀವೇ ಹೇಳಿ. ಆಂಡರ್ಸ್ ಕೊಂಪಾಸ್, ಸ್ವೀಡನ್‌ನವರು, ಜಿನೀವಾದಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿಯ ಹಿರಿಯ ಅಧಿಕಾರಿ. ಮಧ್ಯ ಆಫ್ರಿಕಾ ಗಣರಾಜ್ಯದಲ್ಲಿ ಶಾಂತಿ ಕಾಯಲು ಹೋದ ಸೈನಿಕರು, ಅವರಲ್ಲಿ ಫ್ರಾನ್ಸಿನವರೂ ಇದ್ದರು, ನಿರಾಶ್ರಿತರ ಶಿಬಿರದ ಮಕ್ಕಳನ್ನು ಲೈಂಗಿಕವಾಗಿ ಹಿಂಸಿಸುತ್ತಿದ್ದಾರೆ ಎಂಬ ವರದಿ 2014ರಲ್ಲಿ ಅವರ ಕೈಗೆ ಬಂತು. ಮಕ್ಕಳೇ ಹೇಳಿದ ಹೇಳಿಕೆಗಳು. ಅದನ್ನು ಅವರು ಫ್ರಾನ್ಸ್ ಸರ್ಕಾರಕ್ಕೆ ಕೊಟ್ಟರು, ಕ್ರಮ ಆಗಲಿ ಎಂದು. 2015ರ ಏಪ್ರಿಲ್‌ನಲ್ಲಿ ಅಮಾನತಾದದ್ದು ಕೊಂಪಾಸ್! ಗುಟ್ಟಿನ ಕಾಗದ ಹೊರಗೆ ಕೊಟ್ಟ ಆರೋಪ. ನ್ಯಾಯಮಂಡಳಿ ಅಮಾನತು ತೆರವು ಮಾಡಿತು. ಆ ವರ್ಷದ ಕೊನೆಗೆ ಸ್ವತಂತ್ರ ಸಮಿತಿ, ಇದು ಇಡೀ ಸಂಸ್ಥೆಯ ಘೋರ ವೈಫಲ್ಯ, ಮೇಲಿನ ಅಧಿಕಾರಿಗಳು ಅಧಿಕಾರ ದುರುಪಯೋಗ ಮಾಡಿದ್ದಾರೆ ಎಂದಿತು. 2016ರಲ್ಲಿ ಕೊಂಪಾಸ್ ಆರೋಪಮುಕ್ತರಾದರು. ಅದೇ ವರ್ಷ ರಾಜೀನಾಮೆ ಕೊಟ್ಟು ಹೊರಟರು. ತಪ್ಪು ಮಾಡಿದವರಿಗೆ ಏನೂ ಆಗಲಿಲ್ಲ ಎಂಬ ಬೇಸರ ಅವರನ್ನು ಬಿಡಲಿಲ್ಲ.

ಆ ಮಕ್ಕಳ ಹೇಳಿಕೆ ತಿಂಗಳುಗಟ್ಟಲೆ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಓಡಾಡಿತು. ಇದು ನನ್ನ ವಿಭಾಗವಲ್ಲ ಎಂದು ಒಬ್ಬೊಬ್ಬರೂ ದಾಟಿಸಿದರು. ಲಂಚಕ್ಕಿಂತ ಇದು ಕೆಟ್ಟದ್ದು ಎಂದು ನಾನು ನಂಬುತ್ತೇನೆ. ನಿಮ್ಮ ಎಥಿಕ್ಸ್ ಉತ್ತರದಲ್ಲಿ ದುಡ್ಡಿನ ಹಗರಣಗಳ ಜೊತೆ ಇದನ್ನೂ ಖಂಡಿತ ಬರೆಯಿರಿ.

ಪ್ರಶ್ನೆ (ಉಡುಪಿ, ಶಿಕ್ಷಕಿ): ಒಳಗಿನವರ ಮಾತಾಯಿತು. ಇವರ ಯೋಜನೆಯಿಂದ ನಷ್ಟವಾದ ಸಾಮಾನ್ಯ ಜನ ಕೇಳಬಹುದಾ?

ಉತ್ತರ: ಕೇಳಿದ್ದಾರೆ, ನಮ್ಮ ದೇಶದವರೇ. ವಿಶ್ವಬ್ಯಾಂಕ್ ಸಾಲ ಕೊಟ್ಟಿದ್ದ ಸರ್ದಾರ್ ಸರೋವರ ಅಣೆಕಟ್ಟಿನ ವಿರುದ್ಧ ನರ್ಮದಾ ಕಣಿವೆಯ ಜನ ಮಾಡಿದ ಹೋರಾಟದಿಂದ, ಬ್ಯಾಂಕ್ ಮೋರ್ಸ್ ಸಮಿತಿ ಎಂಬ ಸ್ವತಂತ್ರ ಸಮಿತಿ ನೇಮಿಸಬೇಕಾಯಿತು. 1992ರಲ್ಲಿ ಆ ಸಮಿತಿ ಬ್ಯಾಂಕನ್ನೇ ತರಾಟೆಗೆ ತೆಗೆದುಕೊಂಡಿತು. ಮರುವರ್ಷ ಬ್ಯಾಂಕ್ ಇನ್‌ಸ್ಪೆಕ್ಷನ್ ಪ್ಯಾನೆಲ್ ಮಾಡಿತು. ಯೋಜನೆಯಿಂದ ತೊಂದರೆಯಾದವರು ಇವತ್ತೂ ಅಲ್ಲಿ ದೂರು ಕೊಡಬಹುದು.

ಗುಜರಾತಿನ ಮುಂದ್ರಾ ಮೀನುಗಾರರು ಇನ್ನೂ ಮುಂದೆ ಹೋದರು. ಅಲ್ಲಿನ ಕಲ್ಲಿದ್ದಲು ವಿದ್ಯುತ್ ಸ್ಥಾವರಕ್ಕೆ ವಿಶ್ವಬ್ಯಾಂಕ್ ಗುಂಪಿನಲ್ಲಿ ಖಾಸಗಿ ಕಂಪನಿಗಳಿಗೆ ಸಾಲ ಕೊಡುವ ಸಂಸ್ಥೆಯಾದ ಐಎಫ್‌ಸಿ 45 ಕೋಟಿ ಡಾಲರ್ ಸಾಲ ಕೊಟ್ಟಿತ್ತು. ಸ್ಥಾವರದ ಬಿಸಿನೀರಿನಿಂದ ಮೀನು ಹೋಯಿತು, ಬಾವಿ ಉಪ್ಪಾಯಿತು ಎಂದು ಅವರು ಅಮೆರಿಕದಲ್ಲೇ ದಾವೆ ಹಾಕಿದರು. ಐಎಫ್‌ಸಿ ಇಮ್ಯುನಿಟಿ ಹಿಡಿದು ನಿಂತಿತು. 2019ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಇಂಥ ಸಂಸ್ಥೆಗಳಿಗೆ ಪೂರ್ತಿ ಇಮ್ಯುನಿಟಿ ಇಲ್ಲ ಎಂದು 7–1ರ ತೀರ್ಪು ಕೊಟ್ಟಿತು. ಆದರೆ ಕೆಳಗಿನ ನ್ಯಾಯಾಲಯಗಳು, ಮುಖ್ಯ ಘಟನೆ ನಡೆದದ್ದು ಭಾರತದಲ್ಲಿ, ಆದ್ದರಿಂದ ಈ ದಾವೆಗೆ ಇಮ್ಯುನಿಟಿ ಅನ್ವಯಿಸುತ್ತದೆ ಎಂದವು. 2022ಕ್ಕೆ ಆ ದಾರಿ ಮುಚ್ಚಿತು. ಮೀನುಗಾರರಿಗೆ ಆ ದಾವೆಯಿಂದ ಪರಿಹಾರ ಸಿಗಲಿಲ್ಲ. ಸುಪ್ರೀಂ ಕೋರ್ಟಿನ ತೀರ್ಪಂತೂ ಉಳಿದಿದೆ, ಮುಂದಿನವರು ಅಲ್ಲಿಂದ ಶುರು ಮಾಡಬಹುದು.

ಪ್ರಶ್ನೆ (ಬೆಂಗಳೂರು, ಚಾರ್ಟರ್ಡ್ ಅಕೌಂಟೆಂಟ್): ಥ್ಯಾಂಕ್ಸ್ ಮೇಡಂ. ವಿಶ್ವಸಂಸ್ಥೆಯ ಒಂದು ಸಂಸ್ಥೆ ಹೇಗೆ ನಡೆಯುತ್ತಿದೆ ಎಂದು ತಿಳಿಯಲು ಮೊದಲು ಯಾವ ಕಾಗದ ಓದಲಿ?

ಉತ್ತರ: ಬಣ್ಣದ ಫೋಟೋಗಳಿರುವ ವಾರ್ಷಿಕ ವರದಿ ಬೇಡ. ಲೆಕ್ಕಪರಿಶೋಧಕರ ಮಂಡಳಿಯ ವರದಿ ತೆಗೆಯಿರಿ, ಎಲ್ಲರಿಗೂ ಸಿಗುತ್ತದೆ. ಅದರಲ್ಲಿ ವಂಚನೆ ಪ್ರಕರಣ, ಕೈಬಿಟ್ಟ ಬಾಕಿ ಎಷ್ಟು ಎಂದು ಆಡಳಿತವೇ ತಿಳಿಸಬೇಕಾದ ಭಾಗವಿದೆ. ಹಿಂದಿನ ವರ್ಷಗಳ ಶಿಫಾರಸುಗಳಲ್ಲಿ ಎಷ್ಟು ಜಾರಿಯಾಗಿವೆ, ಎಷ್ಟು ಹಾಗೇ ಬಿದ್ದಿವೆ ಎಂಬ ಪಟ್ಟಿಯೂ ಇರುತ್ತದೆ. ಒಂದೇ ಶಿಫಾರಸು ಮೂರ್ನಾಲ್ಕು ವರ್ಷ “ಜಾರಿ ಮಾಡಲಾಗುತ್ತಿದೆ” ಅಂತಲೇ ಕೂತಿದ್ದರೆ, ಅದು ಯಾರ ಸಹಿಗೆ ಕಾಯುತ್ತಿದೆ ಎಂದು ಹುಡುಕಿ.