ಟೊರೊಂಟೊ ಹಿಮದಲ್ಲಿರುವ ತಮ್ಮನಿಗೆ ರಾತ್ರಿ ಊಟಕ್ಕೆ ಏನು ಹೇಳಿಕೊಡಲಿ?

ಟಿಳಕವಾಡಿ ಅಕ್ಕ:
ನನ್ನ ತಮ್ಮ ಸೆಪ್ಟೆಂಬರಿನಲ್ಲಿ ಓದಲು ಟೊರೊಂಟೊಗೆ ಹೋದ. ಇದು ಮೊದಲ ಚಳಿಗಾಲ. ಇಲ್ಲಿ ಬೆಳಗ್ಗೆ ಏಳೂವರೆ ಅಂದರೆ ಅವನಿಗೆ ಹಿಂದಿನ ರಾತ್ರಿ ಒಂಬತ್ತು, ದಿನಾ ಆ ಹೊತ್ತಿಗೇ ವಿಡಿಯೋ ಕಾಲ್. ಮೊದಮೊದಲು ಹಿಮ ತೋರಿಸಿ ಕುಣಿಯುತ್ತಿದ್ದ, ಈಗ ಫೋನನ್ನು ಕಿಟಕಿ ಕಡೆ ತಿರುಗಿಸುವುದೇ ಇಲ್ಲ. ಬಸ್ ಸ್ಟಾಪಿನಿಂದ ಮನೆಗೆ ಹತ್ತೇ ನಿಮಿಷ, ಅಷ್ಟರಲ್ಲಿ ಕಾಲು ಮರಗಟ್ಟಿ, ಬಂದವನೇ ಬ್ರೆಡ್ ತಿಂದು ಮಲಗುತ್ತಾನೆ. ರೊಟ್ಟಿ ಆಸೆಗೆ ಇಂಡಿಯನ್ ಅಂಗಡಿಯಿಂದ ಜೋಳದ ಹಿಟ್ಟು ತಂದ. ಬಡಿದರೆ ಅಂಚೆಲ್ಲ ಸೀಳುತ್ತದೆ, ಎತ್ತಿದರೆ ಮೂರು ತುಂಡು. ಮೊನ್ನೆ ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದ್ದಕ್ಕೆ ಹೊಗೆ ಅಲಾರಾಂ ಹೊಡೆದುಕೊಂಡು ಮನೆಯವರೆಲ್ಲ ಎದ್ದು ಬಂದರಂತೆ. ಬೆಳಗಾವಿಯಲ್ಲಿ 13 ಡಿಗ್ರಿಗೇ ಸ್ವೆಟರ್ ಹುಡುಕುವ ನಮಗೆ ಮೈನಸ್ 15 ಅಂದಾಜಿಗೇ ಬರುವುದಿಲ್ಲ. ಬಿಸಿಯಾಗಿ, ಬೇಗ ಆಗುವಂಥದ್ದು ಏನಾದರೂ ಹೇಳಿ.

ಕ್ಯಾಂಪಿಗೆ ವಾಪಸ್:
ನಾನು ಆರು ವರ್ಷ ಅಲ್ಲಿದ್ದು ಬಂದವನು. ಮೊದಲು ಹಿಟ್ಟಿನ ಕಥೆ. ಗೋಧಿಯಲ್ಲಿರುವ ಅಂಟು ಜೋಳದಲ್ಲಿ ಇಲ್ಲ, ಹಡಗಿನಲ್ಲಿ ಗೋದಾಮಿನಲ್ಲಿ ತಿಂಗಳುಗಟ್ಟಲೆ ಕೂತ ಹಿಟ್ಟಿಗೆ ಇದ್ದಬದ್ದ ಜಿಗುಟೂ ಹೋಗಿರುತ್ತದೆ. ತಣ್ಣೀರಲ್ಲಿ ಕಲಸಿದರೆ ಮುಗೀತು. ನೀರು ಕುದಿಯಬೇಕು, ಕುದಿಯುವ ಎಸರಿಗೇ ಹಿಟ್ಟು ಹಾಕಿ ಮುಚ್ಚಿಟ್ಟು, ಕೈಗೆ ತಾಳುವಷ್ಟು ಆರಿದ ಮೇಲೆ ಚೆನ್ನಾಗಿ ನಾದಬೇಕು. ಒಲೆ ಕರೆಂಟಿನ ಕಾಯಿಲ್‌ದಾದರೆ ರೊಟ್ಟಿ ಉಬ್ಬುವ ಆಸೆ ಬಿಡಲಿ.

ಇನ್ನು ಕಾಲು. ಕ್ಯಾನ್ವಾಸ್ ಶೂ ಹಾಕುತ್ತಿದ್ದಾನೆ ಅಂತ ನನ್ನ ಗುಮಾನಿ (ನಾನೂ ಅದನ್ನೇ ಮಾಡಿದ್ದೆ). ರಸ್ತೆಗೆ ಉಪ್ಪು ಹಾಕಿ ಹಿಮ ಕರಗಿಸುತ್ತಾರೆ, ಆ ಕೆಸರು ನೀರು ಒಳಗೆ ಇಳಿದರೆ ಯಾವ ಸಾಕ್ಸೂ ಕಾಪಾಡುವುದಿಲ್ಲ. ನೀರು ಹಿಡಿಯದ ಬೂಟು, ಉಣ್ಣೆ ಸಾಕ್ಸ್. ಊರ ನಡುವೆ ಓಡಾಡುವಾಗ ನೆಲದಡಿಯ ದಾರಿ ಇದೆ, ಪಾತ್ ಅಂತಾರೆ, 30 ಕಿಲೋಮೀಟರಿನಷ್ಟು, ಅಂಗಡಿ ಆಫೀಸು ಸ್ಟೇಶನ್ ಎಲ್ಲಕ್ಕೂ ಕೂಡಿಕೊಂಡಿದೆ. ಡಿಸೆಂಬರಿನಲ್ಲಿ ಸಂಜೆ 4.45ಕ್ಕೇ ಹೊತ್ತು ಮುಳುಗುತ್ತದೆ. ನಿಜ ಹೇಳಬೇಕೆಂದರೆ ನನಗೆ ಚಳಿಗಿಂತ ಆ ಕತ್ತಲೇ ಜಾಸ್ತಿ ಬೇಜಾರು ತಂದಿದ್ದು.

ಗುಮ್ಮಟದೂರಾಕಿ:
ಅಕ್ಕಾರೆ, ತೆಳ್ಳಗಿನ ರೊಟ್ಟಿ ಯಾಕೆ ಬೇಕು ಅವನಿಗೆ? ಮುಟಗಿ ಮಾಡಲಿ! ಅದಕ್ಕೆ ರೊಟ್ಟಿ ದಪ್ಪ ಇದ್ದಷ್ಟೂ ಒಳ್ಳೆಯದು, ಸೀಳಿದರೂ ನಡೀತದೆ, ಹೇಗೂ ಮುರಿಯುವುದೇ ಅಲ್ವಾ. ಅಂಗೈ ಅಗಲ ತಟ್ಟಿ, ಸಣ್ಣ ಉರಿಯಲ್ಲಿ ಎರಡೂ ಕಡೆ ನಿಧಾನ ಬೇಯಿಸಿ, ಬಿಸಿ ಇರುವಾಗಲೇ ಐದಾರು ಎಸಳು ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಖಾರಪುಡಿ ಹಾಕಿ ಜಜ್ಜುವುದು. ಒರಳು ಇಲ್ಲದಿದ್ದರೆ ಸ್ಟೀಲ್ ಲೋಟದ ತಳ ಸಾಕು. ಮೇಲೆ ಎಣ್ಣೆ ಇಲ್ಲವೇ ತುಪ್ಪ ಬಿಟ್ಟು ಮುಷ್ಟಿಯಲ್ಲಿ ಉಂಡೆ ಕಟ್ಟಿ ಬಿಸಿಬಿಸಿ ತಿನ್ನಲಿ. ಒಗ್ಗರಣೆಯೇ ಇಲ್ಲ, ನಿಮ್ಮ ಅಲಾರಾಂ ಬಾಯಿ ಮುಚ್ಚಿಕೊಂಡು ಇರುತ್ತದೆ. ವಿಜಯಪುರದ ಬಿಸಿಲಿಗೆ ನಾವು ವರ್ಷವಿಡೀ ತಿನ್ನುವುದಿಲ್ಲ, ಚಳಿಗೆ, ಮಳೆಗೆ, ಬಾಯಿ ಕೆಟ್ಟಾಗ ನೆನಪಾಗುವ ಊಟ ಇದು.

ಬಾಗಲಕೋಟಿ ಖಡಕ್:
ಊರಿಂದ ಯಾರಾದರೂ ಹೋಗುತ್ತಿದ್ದರೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟು ಕಳಿಸಿ. ನಮ್ಮ ಮಳೆಗಾಲದಲ್ಲಿ ಡಬ್ಬಿ ಮುಚ್ಚಳ ಸಡಿಲ ಇದ್ದರೆ ಎರಡೇ ದಿನಕ್ಕೆ ಮೆತ್ತಗಾಗುವ ರೊಟ್ಟಿ, ಅಲ್ಲಿ ಹೀಟರಿನ ಒಣ ಗಾಳಿಗೆ ಗರಿಗರಿಯಾಗೇ ಇರುತ್ತದೆ. ಮುರಿದು ಬೇಳೆಸಾರಿಗೆ ಹಾಕಿ ಐದು ನಿಮಿಷ ಬಿಟ್ಟರೆ ಊಟ ಆಯಿತು. ಮುಟಗಿ ಸರಿ, ಆದರೆ ಬಸ್ಸಿಳಿದು ನಡುಗುತ್ತಾ ಬಂದವನು ಹಿಟ್ಟು ನಾದುತ್ತಾನೆ ಅನ್ನುವುದು ಸುಮ್ನೆ ಮಾತು.

ಗುಮ್ಮಟದೂರಾಕಿ:
ನಾದಿದರೆ ಕೈ ಬಿಸಿಯಾಗುತ್ತದೆ ರೀ!

ಟಿಳಕವಾಡಿ ಅಕ್ಕ:
ಶನಿವಾರ ಮಾಡಿದ. ಅವ್ವ ಫೋನಿನಲ್ಲಿ ಕೂತು "ಇನ್ನಷ್ಟು ಜಜ್ಜು, ಇನ್ನಷ್ಟು" ಅಂತ ಇಲ್ಲಿಂದಲೇ ಹುಕುಂ ಕೊಟ್ಟಳು. ಮೊದಲನೇ ಉಂಡೆ ಉಪ್ಪುಪ್ಪು, ಎರಡನೆಯದನ್ನು ಮಾತಾಡದೆ ತಿಂದ. ಶೂ ವಿಷಯ ಕೇಳಿದೆ, ಕ್ಯಾನ್ವಾಸೇ! ಬೂಟಿಗೆ ದುಡ್ಡು ಹಾಕಿದ್ದೇವೆ. ರೂಮಿನ ಪಂಜಾಬಿ ಹುಡುಗನಿಗೂ ರುಚಿ ಹತ್ತಿ, ಖಾರ ಕಮ್ಮಿ ಮಾಡು ಅನ್ನುತ್ತಿದ್ದಾನಂತೆ. ಖಾರ ಕಮ್ಮಿ ಮಾಡಿದರೆ ಬೆಲ್ಲ ಹಾಕಬಹುದಾ, ಗುಮ್ಮಟದೂರಿನವರೇ?