ರೈಝೆನ್ 5600ಎಕ್ಸ್ ಓವರ್‌ಕ್ಲಾಕಿಂಗ್ (ಮೂಲ ವೇಗ ಮೀರಿಸಿ ಓಡಿಸುವುದು): ಬೇಸಿಗೆಯ ಬಿಸಿ, ರ‍್ಯಾಮ್ ವೋಲ್ಟೇಜ್. ಅನುಭವ ಇದ್ದವರು ತಿಳಿಸಿ

ಕಲಬುರಗಿಯಿಂದ ಪ್ರಶ್ನೆ:

ರೈಝೆನ್ 5 5600ಎಕ್ಸ್ ಪ್ರೊಸೆಸರ್, ಬಿ550 ಮದರ್‌ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್ ಸ್ಟಿಕ್ (ವೇಗ 3600, ವಿಳಂಬ ಸಿಎಲ್18), ಪ್ರೊಸೆಸರ್ ಜೊತೆ ಬಂದ ಚಿಕ್ಕ ಕೂಲರ್. ಎಕ್ಸ್‌ಎಂಪಿ (ಸ್ಟಿಕ್ ಮೇಲೆ ಬರೆದ ವೇಗಕ್ಕೆ ಏರಿಸುವ ಸೆಟ್ಟಿಂಗ್) ಆನ್ ಮಾಡಿ ರಾತ್ರಿ ಮೆಮ್‌ಟೆಸ್ಟ್86 ಎಂಬ ಮೆಮೊರಿ ಪರೀಕ್ಷೆ ಓಡಿಸಿದರೆ ಒಂದೂ ಎರರ್ ಇಲ್ಲ. ಮಧ್ಯಾಹ್ನ ಗೇಮ್ ಆಡಿದರೆ ಮಾತ್ರ ನೀಲಿ ಪರದೆ. ವಿಡಿಯೋ ರೆಂಡರ್ ಮಾಡುವಾಗ ಸಿಪಿಯು 90 ಡಿಗ್ರಿ ದಾಟುತ್ತದೆ. ಕೋಣೆಗೆ ಎಸಿ ಇಲ್ಲ. ರ‍್ಯಾಮ್ ವೋಲ್ಟೇಜನ್ನು 1.35ರಿಂದ 1.45ಕ್ಕೆ ಏರಿಸಿದರೆ ಸರಿಹೋಗುತ್ತದಾ? ಸಿಪಿಯುವನ್ನು ಎಲ್ಲ ಕೋರ್‌ಗಳಲ್ಲೂ 4.6 ಗಿಗಾಹರ್ಟ್ಸ್‌ಗೆ ಲಾಕ್ ಮಾಡುವ ಯೋಚನೆಯೂ ಇದೆ.

ರಾಯಚೂರಿನಿಂದ:

ಮೊದಲು ಎರಡನ್ನೂ ಬೇರೆ ಬೇರೆ ಮಾಡಿ ನೋಡಿ. ಎಕ್ಸ್‌ಎಂಪಿ ಆಫ್ ಇಟ್ಟು ಸಿಪಿಯು ಸರಿಮಾಡಿ, ಆಮೇಲೆ ಸಿಪಿಯು ಮುಟ್ಟದೆ ರ‍್ಯಾಮ್ ಹಿಡಿಯಿರಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಕ್ರ್ಯಾಶ್ ಯಾವುದರಿಂದ ಆಯಿತೆಂದು ಗೊತ್ತಾಗುವುದೇ ಇಲ್ಲ.

5600ಎಕ್ಸ್‌ನ ಮಿತಿ 95 ಡಿಗ್ರಿ. ಅದರ ಹತ್ತಿರ ಬಂದಾಗ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ, ಸುಡುವುದಿಲ್ಲ. ಆದರೆ ಓವರ್‌ಕ್ಲಾಕ್‌ಗೆ ಅಲ್ಲಿ ಜಾಗವೂ ಉಳಿದಿರುವುದಿಲ್ಲ. ಒಂದೇ ಕೆಲಸ, ಒಂದೇ ಫ್ಯಾನ್ ವೇಗ ಇದ್ದರೆ ಕೋಣೆ ಎಷ್ಟು ಡಿಗ್ರಿ ಏರುತ್ತದೋ ಸಿಪಿಯು ಕೂಡ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಡಿಸೆಂಬರ್ ರಾತ್ರಿ 75 ತೋರಿಸುವ ಸೆಟ್ಟಿಂಗ್ ನಮ್ಮ ಕಡೆಯ ಮೇ ಮಧ್ಯಾಹ್ನದಲ್ಲಿ 90 ಮುಟ್ಟುವುದು ಹೀಗೆ. ಹಾಗಾಗಿ ಎಚ್‌ಡಬ್ಲ್ಯೂಇನ್ಫೋದಲ್ಲಿ (ಉಷ್ಣತೆ ತೋರಿಸುವ ಸಾಫ್ಟ್‌ವೇರ್) ಕಂಡ ಅಂಕಿಯ ಪಕ್ಕದಲ್ಲಿ ಕೋಣೆಯ ಉಷ್ಣತೆಯನ್ನೂ ಬರೆದಿಟ್ಟುಕೊಳ್ಳಿ. ಹೋಲಿಸಬೇಕಾದ್ದು ಅವೆರಡರ ವ್ಯತ್ಯಾಸವನ್ನು.

ಆ ಚಿಕ್ಕ ಕೂಲರ್ ಈ ಕೆಲಸಕ್ಕೆ ಸಾಲದು. 120 ಮಿಮೀ ಫ್ಯಾನ್ ಇರುವ ಟವರ್ ಕೂಲರ್ ಹಾಕಿ. ಹಳೆಯದನ್ನು ನೇರ ಮೇಲಕ್ಕೆ ಎಳೆಯಬೇಡಿ. ಈ ಪ್ರೊಸೆಸರ್ ಕೂರುವ ಎಎಂ4 ಸಾಕೆಟ್‌ನಲ್ಲಿ, ಶಾಖ ದಾಟಿಸುವ ಪೇಸ್ಟ್ ಗಟ್ಟಿಯಾಗಿದ್ದರೆ ಪ್ರೊಸೆಸರ್ ಕೂಲರ್‌ಗೆ ಅಂಟಿಕೊಂಡೇ ಕಿತ್ತು ಬಂದು ಪಿನ್ ಬಾಗುತ್ತವೆ. ಹತ್ತು ನಿಮಿಷ ಲೋಡ್ ಕೊಟ್ಟು ಬಿಸಿ ಮಾಡಿ, ಪವರ್ ತೆಗೆದು, ಸ್ಕ್ರೂ ಬಿಚ್ಚಿ, ಕೂಲರನ್ನು ಎಡಕ್ಕೂ ಬಲಕ್ಕೂ ನಿಧಾನವಾಗಿ ತಿರುಗಿಸಿ ಸಡಿಲಾದ ಮೇಲೆ ಎತ್ತಿ. ಹಳೇ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಸಾಕು. ಹೊಸ ಕೂಲರ್‌ನ ತಳದ ಪ್ಲಾಸ್ಟಿಕ್ ಹಾಳೆ ತೆಗೆಯುವುದನ್ನು ಮರೆಯಬೇಡಿ.

ಮೈಸೂರಿನಿಂದ:

4.6ಕ್ಕೆ ಲಾಕ್ ಮಾಡುವುದು ಬೇಡ ಸರ್. ಎಲ್ಲ ಕೋರ್‌ಗಳಿಗೂ ಆ ವೇಗ ಬೇಕೆಂದರೆ ಅನೇಕ ಚಿಪ್‌ಗಳು 1.3 ವೋಲ್ಟ್ ಆಸುಪಾಸು ಕೇಳುತ್ತವೆ, ನಿಮ್ಮ ಕೋಣೆಯಲ್ಲಿ ಅದನ್ನು ತಣ್ಣಗಿಡಲು ಆಗದು. ಗೇಮ್‌ಗೆ ಬೇಕಾದ ಒಂದೆರಡು ಕೋರ್‌ಗಳ ವೇಗ ಹೇಗೂ ತಾನಾಗಿಯೇ 4.6 ಮುಟ್ಟುತ್ತದೆ.

ಅದರ ಬದಲು ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ ಪರದೆ) ಪ್ರಿಸಿಷನ್ ಬೂಸ್ಟ್ ಓವರ್‌ಡ್ರೈವ್ ಎಂಬ ವೇಗ ಹೆಚ್ಚಿಸುವ ಆಯ್ಕೆ ತೆರೆದು ಅಡ್ವಾನ್ಸ್ಡ್ ಆರಿಸಿ. ಮಿತಿಗಳನ್ನು ಮದರ್‌ಬೋರ್ಡ್‌ಗೆ ಬಿಟ್ಟುಕೊಡದೆ ಕೈಯಾರೆ ತುಂಬಿ: ಪಿಪಿಟಿ (ಒಟ್ಟು ವಿದ್ಯುತ್) 76 ವ್ಯಾಟ್, ಟಿಡಿಸಿ (ನಿರಂತರ ಕರೆಂಟ್) 60, ಇಡಿಸಿ (ಕ್ಷಣಿಕ ಗರಿಷ್ಠ ಕರೆಂಟ್) 90 ಆಂಪಿಯರ್. ಇವು ಈ ಚಿಪ್‌ನ ಮೂಲ ಮಿತಿಗಳೇ. ವೋಲ್ಟೇಜ್ ಹೊಂದಿಸುವ ಕರ್ವ್ ಆಪ್ಟಿಮೈಸರ್‌ನಲ್ಲಿ ಎಲ್ಲ ಕೋರ್, ನೆಗೆಟಿವ್, 10. ಒಂದು ಅಂಕಿ ಅಂದರೆ ಸುಮಾರು 3ರಿಂದ 5 ಮಿಲಿವೋಲ್ಟ್ ಕಡಿತ. ವಿದ್ಯುತ್ ಮಿತಿ ಅಷ್ಟೇ ಇದ್ದು ವೋಲ್ಟೇಜ್ ಇಳಿದದ್ದರಿಂದ ಅದೇ 76 ವ್ಯಾಟ್‌ನಲ್ಲಿ ವೇಗ ಹೆಚ್ಚುತ್ತದೆ. ಬಿರುಬೇಸಿಗೆಯಲ್ಲಿ ಪಿಪಿಟಿಯನ್ನು 65ಕ್ಕೆ ಇಳಿಸಿದರೂ ರೆಂಡರ್ ಸ್ವಲ್ಪವೇ ನಿಧಾನವಾಗುತ್ತದೆ, ಬಿಸಿ ಚೆನ್ನಾಗಿಯೇ ಇಳಿಯುತ್ತದೆ.

ಎಲ್ಲ ಕೋರ್‌ಗೂ ಲೋಡ್ ಕೊಡುವ ಸಿನೆಬೆಂಚ್ ಪರೀಕ್ಷೆ ಪಾಸಾಯಿತೆಂದು ನಂಬಬೇಡಿ. ಕರ್ವ್ ಅತಿಯಾದರೆ ಪೂರ್ತಿ ಲೋಡ್‌ನಲ್ಲಿ ಏನೂ ಆಗದೆ ಬ್ರೌಸರ್ ತೆರೆದಾಗ, ಸುಮ್ಮನೆ ಬಿಟ್ಟಾಗ ರೀಸ್ಟಾರ್ಟ್ ಆಗುತ್ತದೆ. ಒಂದೇ ಕೋರ್ ಅತಿ ಹೆಚ್ಚು ವೇಗಕ್ಕೆ ಜಿಗಿಯುವ ಗಳಿಗೆಯಲ್ಲೇ ವೋಲ್ಟೇಜ್ ಸಾಲದೆ ಹೋಗುವುದು. ಕೋರ್‌ಸೈಕ್ಲರ್ ಎಂಬ ಸಾಫ್ಟ್‌ವೇರ್ ಒಂದೊಂದೇ ಕೋರನ್ನು ಪರೀಕ್ಷಿಸುತ್ತದೆ. ಸೋತ ಕೋರ್‌ಗೆ ಮಾತ್ರ 10ರ ಬದಲು 5 ಕೊಡಿ.

ಹುಬ್ಬಳ್ಳಿಯಿಂದ:

ರ‍್ಯಾಮ್ ವಿಷಯಕ್ಕ ಬರ್ತೀನ್ರಿ. ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. ಮೆಮ್‌ಟೆಸ್ಟ್ ಓಡುವಾಗ ಗ್ರಾಫಿಕ್ಸ್ ಕಾರ್ಡ್ ಸುಮ್ಮನಿರುತ್ತದೆ, ಕೋಣೆಯೂ ತಂಪು. ಗೇಮ್ ಆಡುವಾಗ ಕಾರ್ಡ್‌ನ ಬಿಸಿಗಾಳಿ ಮೇಲೆದ್ದು ನೇರವಾಗಿ ಸ್ಟಿಕ್‌ಗಳ ಮೇಲೆ ಹೋಗುತ್ತದೆ. ರ‍್ಯಾಮ್‌ನ ಒಂದೊಂದು ಬಿಟ್ ಒಂದು ಪುಟ್ಟ ಕೆಪ್ಯಾಸಿಟರ್‌ನಲ್ಲಿರುತ್ತದೆ. ಬಿಸಿ ಏರಿದಷ್ಟೂ ಅದರ ಚಾರ್ಜ್ ಬೇಗ ಸೋರುತ್ತದೆ, ರಿಫ್ರೆಶ್ ಆಗುವ ಮೊದಲೇ ಬಿಟ್ ಕೆಡಬಹುದು. ಇಂಥಲ್ಲಿ 1.45 ಕೊಟ್ಟರೆ ಸ್ಟಿಕ್ ಇನ್ನೂ ಬಿಸಿಯಾಗುತ್ತದೆ.

ಖಾತ್ರಿ ಮಾಡಿಕೊಳ್ಳುವುದು ಸುಲಭ. ಮಧ್ಯಾಹ್ನ ಮೂರಕ್ಕೆ ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು, ಟೇಬಲ್ ಫ್ಯಾನ್ ಗಾಳಿ ಸ್ಟಿಕ್‌ಗಳಿಗೆ ಬೀಳುವಂತೆ ಇಟ್ಟು, ಅದೇ ಗೇಮ್ ಆಡಿ. ನೀಲಿ ಪರದೆ ನಿಂತರೆ ಬಿಸಿಯೇ ಕಾರಣ: ಮುಂದೆ ಎರಡು ಫ್ಯಾನ್ ಒಳಕ್ಕೆ, ಹಿಂದೆ ಒಂದು ಹೊರಕ್ಕೆ, ಕೆಲಸ ಮುಗಿಯಿತು. ಅಗ್ಗದ ಡಿಡಿಆರ್4 ಸ್ಟಿಕ್‌ಗಳಲ್ಲಿ ಉಷ್ಣತೆಯ ಸೆನ್ಸರ್ ಇರುವುದೇ ಅಪರೂಪ. ಹೀಗಾಗಿ ಸಾಫ್ಟ್‌ವೇರ್‌ನಲ್ಲಿ ಹುಡುಕುವುದಕ್ಕಿಂತ ಈ ಪರೀಕ್ಷೆಯೇ ಮೇಲು.

ಫ್ಯಾನ್ ಇಟ್ಟರೂ ಕ್ರ್ಯಾಶ್ ಆದರೆ ಸ್ಟಿಕ್‌ಗಳು ಸಿಪಿಯುದಿಂದ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ನಲ್ಲಿವೆಯೇ ನೋಡಿ. ಎಫ್‌ಸಿಎಲ್‌ಕೆ (ಪ್ರೊಸೆಸರ್ ಒಳಗಿನ ಸಂಪರ್ಕ ಜಾಲದ ವೇಗ) 1800 ಇರಲಿ, 3600 ರ‍್ಯಾಮ್‌ಗೆ ಅದು ಸರಿಜೋಡಿ. ಎಸ್‌ಒಸಿ ವೋಲ್ಟೇಜನ್ನು (ಪ್ರೊಸೆಸರ್ ಒಳಗಿನ ಮೆಮೊರಿ ನಿಯಂತ್ರಕದ್ದು) ಆಟೋದಲ್ಲಿ ಬಿಡದೆ 1.1 ಕೊಡಿ, 1.2 ದಾಟಬೇಡಿ. ರ‍್ಯಾಮ್‌ಗೆ ಸ್ಥಿರತೆ ಕೊಡುವ ಗೇರ್ ಡೌನ್ ಮೋಡ್ ಆನ್ ಇರಲಿ, ಟಿಆರ್‌ಎಫ್‌ಸಿ (ರಿಫ್ರೆಶ್‌ಗೆ ಕೊಡುವ ಸಮಯ) ಇಳಿಸುವ ಆಸೆ ಬೇಡ. ವಿಂಡೋಸ್ ಈವೆಂಟ್ ವ್ಯೂವರ್‌ನಲ್ಲಿ ಡಬ್ಲ್ಯೂಎಚ್‌ಇಎ 19 ಎಂಬ ಹಾರ್ಡ್‌ವೇರ್ ಎರರ್ ಸಾಲುಸಾಲಾಗಿ ಕಂಡರೆ ಮೊದಲು ಎಫ್‌ಸಿಎಲ್‌ಕೆ ಮೇಲೆ ಅನುಮಾನ ಪಡಿ.

ಇಷ್ಟಾದ ಮೇಲೆ ಡಿರ‍್ಯಾಮ್ ವೋಲ್ಟೇಜ್ 1.37, ಆಮೇಲೆ 1.39. 1.40ಕ್ಕೆ ನಿಲ್ಲಿಸಿ. ಸ್ಟಿಕ್‌ನಲ್ಲಿ ಸ್ಯಾಮ್‌ಸಂಗ್‌ನ ಬಿ-ಡೈ ಎಂಬ ಮಾದರಿಯ ಚಿಪ್ ಇದ್ದರೆ 1.45 ತಾಳುತ್ತದೆ, ಆದರೆ ಬಿಸಿ ಕಂಡರೆ ಅದಕ್ಕೂ ಆಗದು. ಅದೇ ಕಂಪನಿಯ ಸಿ-ಡೈ ಆದರೆ 1.35 ದಾಟಿದಾಗ ಇನ್ನಷ್ಟು ಕೆಡುವುದುಂಟು. ಯಾವುದು ಎಂದು ಟೈಫೂನ್ ಬರ್ನರ್ ಎಂಬ ಸಾಫ್ಟ್‌ವೇರ್ ತೋರಿಸುತ್ತದೆ. 3600, ಸಿಎಲ್18 ಸ್ಟಿಕ್‌ನಲ್ಲಿ ಬಿ-ಡೈ ಇರುವ ಸಾಧ್ಯತೆ ಕಡಿಮೆ.

ಬೆಂಗಳೂರಿನಿಂದ:

ಮೇಲಿನವರು ಹೇಳದ್ದು ಒಂದಿದೆ: ರ‍್ಯಾಮ್ ವೇಗವನ್ನು 3200ಕ್ಕೆ, ಎಫ್‌ಸಿಎಲ್‌ಕೆ 1600ಕ್ಕೆ ಇಳಿಸಿ ನೋಡಿ. ಗೇಮ್‌ನಲ್ಲಿ ವ್ಯತ್ಯಾಸ ಕಣ್ಣಿಗೆ ಬೀಳುವುದು ಕಷ್ಟ. ವೋಲ್ಟೇಜ್ ಏರಿಸುವ ಮೊದಲು ನಾನಾದರೆ ಇದನ್ನೇ ಆರಿಸುತ್ತೇನೆ.

ಪರೀಕ್ಷೆ ಶುರು ಮಾಡುವ ಮುನ್ನ ಫೋಟೋ, ದಾಖಲೆಗಳನ್ನು ಹೊರಗಿನ ಡ್ರೈವ್‌ಗೆ ನಕಲು ಮಾಡಿ, ಡ್ರೈವ್ ಕಿತ್ತಿಡಿ. ಅಸ್ಥಿರ ರ‍್ಯಾಮ್ ಪ್ರತಿಸಲ ನೀಲಿ ಪರದೆ ತೋರಿಸುವುದಿಲ್ಲ. ತಪ್ಪು ಬಿಟ್ ಸದ್ದಿಲ್ಲದೆ ಫೈಲ್‌ನೊಳಗೆ ಬರೆದುಹೋಗುತ್ತದೆ, ಆ ಫೈಲ್ ತೆರೆದ ದಿನವೇ ಗೊತ್ತಾಗುವುದು. ವಿಂಡೋಸ್ ಅಪ್‌ಡೇಟ್, ಬಯಾಸ್ ಅಪ್‌ಡೇಟ್ ಎರಡನ್ನೂ ಎಕ್ಸ್‌ಎಂಪಿ ಆಫ್ ಇದ್ದಾಗ ಮಾಡಿ. ಬಯಾಸ್ ಅಪ್‌ಡೇಟ್ ಯುಪಿಎಸ್ ಇಲ್ಲದೆ ಬೇಡ.

ಹೊಸ ಸೆಟ್ಟಿಂಗ್ ಹಾಕಿದಾಗ ಕಂಪ್ಯೂಟರ್ ಎರಡು ಮೂರು ಸಲ ತಾನೇ ಆಫ್ ಆನ್ ಆಗಬಹುದು. ಅದು ಮೆಮೊರಿ ಟ್ರೈನಿಂಗ್, ಗಾಬರಿಯಾಗಿ ಸ್ವಿಚ್ ಒತ್ತಬೇಡಿ. ಐದು ನಿಮಿಷವಾದರೂ ಪರದೆ ಬಾರದಿದ್ದರೆ ಗೋಡೆಯ ಪ್ಲಗ್ ತೆಗೆದು, ಕ್ಯಾಬಿನೆಟ್‌ನ ಪವರ್ ಬಟನ್ ಒತ್ತಿ ಉಳಿದ ಚಾರ್ಜ್ ಖಾಲಿ ಮಾಡಿ, ಮದರ್‌ಬೋರ್ಡ್‌ನ ಕ್ಲಿಯರ್ ಸಿಮಾಸ್ ಎಂಬ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಹತ್ತು ಸೆಕೆಂಡ್ ಜೋಡಿಸಿ ಹಿಡಿಯಿರಿ. ಪಿನ್ ಸಿಗದಿದ್ದರೆ ಗುಂಡನೆಯ ಸಿಆರ್2032 ಸೆಲ್ ತೆಗೆದು ಐದು ನಿಮಿಷ ಬಿಟ್ಟು ಹಾಕಿ. ಬಯಾಸ್ ಮೂಲ ಸ್ಥಿತಿಗೆ ಬರುತ್ತದೆ. ಕರ್ವ್ ಮತ್ತು ಪಿಪಿಟಿ ಅಂಕಿಗಳೂ ಅಳಿಸಿಹೋಗುತ್ತವೆ, ಆದ್ದರಿಂದ ಪ್ರತಿ ಬದಲಾವಣೆಗೂ ಮುನ್ನ ಮೊಬೈಲ್‌ನಲ್ಲಿ ಬಯಾಸ್ ಪರದೆಯ ಫೋಟೋ ತೆಗೆದಿಟ್ಟುಕೊಳ್ಳಿ.