ಗಂಟೆ ಕಟ್ಟಿಕೊಂಡವನು ಯಾರು, ಕರಡಿ ಯಾರು?

ವಾಣಿ (ಧಾರವಾಡ):
ಅಮೆರಿಕದ ಕಪ್ಪು ಜನಾಂಗದ ಪತ್ರಕರ್ತ ಬ್ರೆಂಟ್ ಸ್ಟೇಪಲ್ಸ್ 1986ರಲ್ಲಿ ಪ್ರಕಟಿಸಿದ ಪ್ರಬಂಧವೊಂದನ್ನು ಈ ವಾರ ಬಿ.ಎ. ತರಗತಿಯಲ್ಲಿ ಪಾಠ ಮಾಡಿದೆ. ಶಿಕಾಗೋದಲ್ಲಿ ಓದುತ್ತಿದ್ದಾಗ ಅವರು ರಾತ್ರಿ ರಸ್ತೆ ದಾಟುವ ಹೊತ್ತಿಗೆ, ಸಿಗ್ನಲ್‌ನಲ್ಲಿ ನಿಂತ ಕಾರುಗಳ ಬಾಗಿಲುಗಳು ಒಳಗಿನಿಂದ ಟಕ್ ಟಕ್ಕೆಂದು ಲಾಕ್ ಆಗುತ್ತಿದ್ದವಂತೆ. ಮುಂದೆ ಅವರು ರಾತ್ರಿಯ ವಾಯುವಿಹಾರದಲ್ಲಿ ಬೀಥೋವನ್, ವಿವಾಲ್ಡಿಯರ ಸಂಗೀತವನ್ನು ಸಿಳ್ಳೆ ಹಾಕುತ್ತಾ ನಡೆಯುವುದನ್ನು ರೂಢಿಸಿಕೊಂಡರು. ಇಂಥ ಸಂಗೀತ ಬಲ್ಲವನು ದರೋಡೆಕೋರನಿರಲಾರ ಎಂದು ಎದುರಿನವರು ನಿರಾಳರಾಗಲಿ ಎಂಬುದು ಅದರ ಲೆಕ್ಕ. ಕರಡಿಗಳಿರುವ ಕಾಡಿನಲ್ಲಿ ನಡೆಯುವವರು ಕಟ್ಟಿಕೊಳ್ಳುವ ಗಂಟೆಗೆ ಅವರು ಈ ಸಿಳ್ಳೆಯನ್ನು ಹೋಲಿಸುತ್ತಾರೆ. "ಜನ ಹೆದರುವುದು ಅವನಿಗೆ, ಗಂಟೆ ಕಟ್ಟಿಕೊಂಡವನೂ ಅವನೇ. ಹಾಗಾದರೆ ಇಲ್ಲಿ ಕರಡಿ ಯಾರು ಮೇಡಂ?" ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ.

ಶ್ರೀಪಾದ (ಮೈಸೂರು):
ರಾತ್ರಿ ಹೊತ್ತು ನಿರ್ಜನ ರಸ್ತೆಯಲ್ಲಿ ಯಾವ ಗಂಡಸನ್ನು ಕಂಡರೂ ಹೆಂಗಸರು ಪಕ್ಕಕ್ಕೆ ಸರಿಯುತ್ತಾರೆ. ನನ್ನನ್ನು ಕಂಡೂ ಸರಿದಿದ್ದಾರೆ. ಆ ದೇಶಕ್ಕೆ ಕಪ್ಪು ಜನಾಂಗದ ಅಧ್ಯಕ್ಷರೂ ಆಗಿಹೋದರು. 1986ರ ಅನುಭವವನ್ನು ಇಂದಿನದೆಂಬಂತೆ ಪಾಠ ಮಾಡುವುದು ಎಷ್ಟು ಸರಿ?

ನಾಗರಾಜ (ಅಟ್ಲಾಂಟಾ):
ಶ್ರೀಪಾದ ಅವರೇ, ಒಬಾಮಾ ಅಧಿಕಾರಕ್ಕೆ ಬಂದ ವರ್ಷವೇ, ಅಂದರೆ 2009ರ ಜುಲೈಯಲ್ಲಿ, ಹಾರ್ವರ್ಡ್‌ನ ಕಪ್ಪು ಜನಾಂಗದ ಪ್ರಾಧ್ಯಾಪಕ ಹೆನ್ರಿ ಲೂಯಿಸ್ ಗೇಟ್ಸ್ ಅವರು ಪ್ರವಾಸದಿಂದ ಮರಳಿ, ಸಿಕ್ಕಿಕೊಂಡಿದ್ದ ಬಾಗಿಲನ್ನು ತಳ್ಳಿ ತಮ್ಮದೇ ಮನೆಯನ್ನು ಹೊಕ್ಕರು. ಕಳ್ಳತನದ ಶಂಕೆಯ ಮೇಲೆ ಯಾರೋ ಕರೆ ಮಾಡಿ, ಪೊಲೀಸರು ಬಂದು ಮಾತಿಗೆ ಮಾತು ಬೆಳೆದು, ಅವರ ಕೈಗೆ ಕೋಳ ಬಿತ್ತು. ಆ ಮೊಕದ್ದಮೆಯನ್ನು ಆಮೇಲೆ ಕೈಬಿಡಲಾಯಿತು, ಅದು ಬೇರೆ ಮಾತು. ನಾನಿರುವ ಜಾರ್ಜಿಯಾ ರಾಜ್ಯದ ಬ್ರನ್ಸ್‌ವಿಕ್ ಬಳಿ 2020ರ ಫೆಬ್ರವರಿ 23ರಂದು ಜಾಗಿಂಗ್‌ಗೆ ಹೋಗಿದ್ದ 25 ವರ್ಷದ ಕಪ್ಪು ಯುವಕ ಅಹ್ಮೌದ್ ಆರ್ಬೆರಿಯನ್ನು ಮೂವರು ಬಿಳಿಯರು ವಾಹನಗಳಲ್ಲಿ ಬೆನ್ನಟ್ಟಿದರು, ಅವರಲ್ಲೊಬ್ಬ ಗುಂಡಿಕ್ಕಿ ಕೊಂದ. ಆ ಸುದ್ದಿ ಹಬ್ಬಿದ ಮೇಲೆ ಕಪ್ಪು ಜನಾಂಗದ ನನ್ನ ಸಹೋದ್ಯೋಗಿಯೊಬ್ಬರು ಮುಂಜಾವದ ಓಟವನ್ನು ಬೆಳಕು ಹರಿದ ನಂತರಕ್ಕೆ ಬದಲಾಯಿಸಿದರು. ಎದೆಯ ಮೇಲೆ ತಮ್ಮ ಕಾಲೇಜಿನ ಹೆಸರಿರುವ ಅಂಗಿಯನ್ನೇ ಹಾಕಿಕೊಂಡು ಓಡುತ್ತಾರೆ. ಅಂಗಡಿಯಲ್ಲಿ ಒಂದು ಬಾಟಲಿ ನೀರು ಕೊಂಡರೂ ರಸೀದಿಯನ್ನು ಜೇಬಿಗೆ ಹಾಕದೆ ಕೈಯಲ್ಲೇ ಹಿಡಿದು ಹೊರಬರುತ್ತಾರೆ. ಹತ್ತು ವರ್ಷ ಜೊತೆಯಲ್ಲಿ ಊಟ ಮಾಡಿದ ನನಗೆ ಆ ರಸೀದಿ ಕಂಡದ್ದು ಹೋದ ವರ್ಷ.

ಇಕ್ಬಾಲ್ (ಹ್ಯೂಸ್ಟನ್):
ನಾಗರಾಜ ಅವರ ಮಾತೆಲ್ಲವೂ ನಿಜವೇ, ಆದರೂ ನನ್ನದೊಂದು ತಕರಾರಿದೆ. ಇತರರ ಕಣ್ಣಿನಿಂದ ತನ್ನನ್ನು ತಾನು ಅಳೆದುಕೊಳ್ಳುವ ಈ ಇಬ್ಬಗೆಯ ಪ್ರಜ್ಞೆಯನ್ನು ಅಮೆರಿಕದ ಕಪ್ಪು ಜನಾಂಗದ ಚಿಂತಕ ಡುಬಾಯ್ಸ್ 1903ರಲ್ಲೇ ವಿವರಿಸಿದ್ದರು. ಆದರೆ ರಸೀದಿ, ಸಿಳ್ಳೆ, ಕಾಲೇಜಿನ ಅಂಗಿ ಇವೆಲ್ಲ ಮನಸ್ಸಿನ ಹೊಸ್ತಿಲಲ್ಲಿ ತೆರಬೇಕಾದ ಸುಂಕವಷ್ಟೆ, ಮನೆಯಲ್ಲ. ಸುಂಕದ ಕಟ್ಟೆಯಲ್ಲೇ ನಿಂತು ಆ ಮನುಷ್ಯನ ಅಂತರಂಗವನ್ನು ಅರಿತೆವು ಎಂದುಕೊಂಡರೆ, ನಾವೂ ಅವನನ್ನು ಬಿಳಿಯರ ಭಯದ ಮೂಲಕವೇ ನೋಡಿದಂತಾಗುತ್ತದೆ.

ಎಂಟು ವರ್ಷದಿಂದ ನಾನು ಕ್ಷೌರಕ್ಕೆ ಹೋಗುವುದು ಕಪ್ಪು ಜನಾಂಗದವರ ಅಂಗಡಿಗೆ. ಶನಿವಾರ ಎರಡು ಗಂಟೆ ಕಾಯಬೇಕು, ಆದರೆ ಯಾರಿಗೂ ಅವಸರವಿರುವುದಿಲ್ಲ. ಒಮ್ಮೆ, ಹಣೆಯ ಅಂಚನ್ನು ಮಷೀನಿನಿಂದ ಗೆರೆ ಎಳೆದಂತೆ ತಿದ್ದಿಸಿಕೊಳ್ಳುತ್ತಿದ್ದ ದೈತ್ಯಾಕಾರದವರೊಬ್ಬರು, ಬ್ಯಾಸ್ಕೆಟ್‌ಬಾಲ್ ವಾಗ್ವಾದದ ನಡುವೆಯೇ, ಮಂಗಳವಾರ ಅಪ್ಪ ತೀರಿಕೊಂಡರು ಎಂದರು. ಕ್ಷೌರಿಕರು ಮಷೀನು ನಿಲ್ಲಿಸಿ, ಏನೊಂದೂ ಹೇಳದೆ ಕುರ್ಚಿಯನ್ನು ಕನ್ನಡಿಯಿಂದ ಗೋಡೆಯ ಕಡೆಗೆ ತಿರುಗಿಸಿದರು. ಅವರು ಕಣ್ಣೊರೆಸಿಕೊಳ್ಳುವವರೆಗೆ ಇಡೀ ಅಂಗಡಿ ಟಿ.ವಿ. ನೋಡುತ್ತಾ ಕುಳಿತಿತ್ತು.

ಈ ಸಲುಗೆಯನ್ನು ವೈದ್ಯರೂ ಬಳಸಿಕೊಂಡಿದ್ದಾರೆ. ಲಾಸ್ ಏಂಜಲೀಸ್ ಪ್ರದೇಶದ 52 ಕ್ಷೌರದಂಗಡಿಗಳಲ್ಲಿ ಅಧಿಕ ರಕ್ತದೊತ್ತಡವಿದ್ದ 319 ಕಪ್ಪು ಗಂಡಸರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಔಷಧತಜ್ಞರು ಅಂಗಡಿಗೇ ಬಂದು ಮಾತ್ರೆ ಹೊಂದಿಸಿದ ಗುಂಪಿನವರಲ್ಲಿ ರಕ್ತದೊತ್ತಡದ ಮೇಲಿನ ಅಂಕಿಯು (ಸಿಸ್ಟಾಲಿಕ್) ಆರು ತಿಂಗಳಲ್ಲಿ ಸರಾಸರಿ 27ರಷ್ಟು ಇಳಿಯಿತು. ಕ್ಷೌರಿಕರು ಬರೀ ಬುದ್ಧಿಮಾತು ಹೇಳಿ ವೈದ್ಯರ ಬಳಿಗೆ ಹೋಗಿರೆಂದ ಅಂಗಡಿಗಳಲ್ಲಿ ಇಳಿದದ್ದು 9ರಷ್ಟು. ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸರ್ಕಾರವೇ ಸಿಫಿಲಿಸ್ ಪೀಡಿತ ಕಪ್ಪು ಗಂಡಸರಿಗೆ ಚಿಕಿತ್ಸೆ ಕೊಡದೆ ಪರೀಕ್ಷಿಸುತ್ತಾ ಹೋದ ದೇಶದಲ್ಲಿ, ಬಿಳಿ ಕೋಟಿಗಿಂತ ಕ್ಷೌರದ ಕುರ್ಚಿಯನ್ನು ನಂಬುವುದು ತಪ್ಪೇನಲ್ಲ.

ಶ್ರೀಪಾದ (ಮೈಸೂರು):
ಗೇಟ್ಸ್ ಅವರ ಪ್ರಸಂಗ ನನಗೆ ತಿಳಿದಿರಲಿಲ್ಲ. ನನ್ನ ಮಾತು ಆತುರದ್ದಾಯಿತು. ಆದರೆ ಅಲ್ಲಿನ ಕಪ್ಪು ಮಕ್ಕಳಲ್ಲಿ ಹತ್ತಕ್ಕೆ ಏಳರಷ್ಟು ಮದುವೆಯಾಗದ ತಾಯಂದಿರಿಗೆ ಹುಟ್ಟುತ್ತಾರೆ ಎಂಬುದೂ ಅಂಕಿ ಅಂಶವೇ ಅಲ್ಲವೇ? ತಂದೆತನದ ವಿಷಯವನ್ನು ಬಿಟ್ಟು ಅಂತರಂಗದ ಮಾತೇ?

ವಾಣಿ (ಧಾರವಾಡ):
ಮದುವೆಯಾಗಿಲ್ಲ ಎಂದರೆ ಅಪ್ಪ ಮನೆಯಲ್ಲಿಲ್ಲ ಎಂದರ್ಥವಲ್ಲ, ಸರ್. ಅಲ್ಲಿನ ಸರ್ಕಾರವೇ 2013ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಐದು ವರ್ಷದೊಳಗಿನ ಮಕ್ಕಳೊಂದಿಗೆ ವಾಸಿಸುವ ಕಪ್ಪು ತಂದೆಯರಲ್ಲಿ ಶೇ. 70ರಷ್ಟು ಮಂದಿ ದಿನವೂ ಮಗುವಿಗೆ ಸ್ನಾನ ಮಾಡಿಸುವ, ಬಟ್ಟೆ ತೊಡಿಸುವ ಅಥವಾ ಡಯಾಪರ್ ಬದಲಿಸುವ ಕೆಲಸ ಮಾಡುತ್ತಿದ್ದರು. ಬಿಳಿಯ ತಂದೆಯರಲ್ಲಿ ಅದು ಶೇ. 60. ನಮ್ಮ ಮನೆಗಳ ಲೆಕ್ಕ ಕೇಳಿದರೆ ಇಲ್ಲಿರುವ ಗಂಡಸರಿಗೆ ಮುಜುಗರವಾದೀತು.

ಯಲ್ಲಾಪುರದ ಸಿದ್ದಿ (ಬೆಂಗಳೂರು):
ನಾನು ಅಮೆರಿಕ ನೋಡಿದವನಲ್ಲ. ನಮ್ಮ ಪೂರ್ವಿಕರು ಆಫ್ರಿಕದಿಂದ ಬಂದವರು, ಹೆಚ್ಚಿನವರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದರು. ನಾನು ಹುಟ್ಟಿ ಬೆಳೆದದ್ದು ಉತ್ತರ ಕನ್ನಡದ ಕಾಡಿನ ಅಂಚಿನಲ್ಲಿ. ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತಿದರೆ ಕಂಡಕ್ಟರು ನನ್ನ ಮುಖ ನೋಡಿ ಇಂಗ್ಲಿಷಿಗೆ ತಡಕಾಡುವ ಮೊದಲೇ, ಅಕ್ಕಪಕ್ಕದವರಿಗೂ ಕೇಳಿಸುವಂತೆ, "ಅಣ್ಣಾ, ಒಂದು ಬನಶಂಕರಿ ಕೊಡಿ" ಎನ್ನುತ್ತೇನೆ. ವಾಣಿ ಮೇಡಂ ಬರೆದ ಸಿಳ್ಳೆಯ ವಿಚಾರ ಓದುವವರೆಗೂ ಅದು ನನ್ನ ಗಂಟೆಯೆಂದು ನನಗೆ ತಿಳಿದಿರಲಿಲ್ಲ. ಆದರೆ ಇಕ್ಬಾಲ್ ಅವರು ಹೇಳಿದ್ದೂ ಸರಿಯೇ. ಟಿಕೆಟ್ಟು ಕೈಗೆ ಬಂದ ಮೇಲೆ ಕಿಟಕಿಯ ಪಕ್ಕ ಕುಳಿತು ನಾನು ಯೋಚಿಸುವುದು ಕಂಡಕ್ಟರನ್ನಲ್ಲ. ತಂಗಿಯ ಹಾಸ್ಟೆಲ್ ಫೀಸನ್ನು, ಮತ್ತು ಈ ಸಲವಾದರೂ ಅಪ್ಪ ಜೇನು ಕೀಳಲು ಮರ ಹತ್ತದಿರಲಿ ಎಂಬುದನ್ನು.